ವಾಣಿಜ್ಯ ಮತ್ತು ನಿರ್ವಹಣಾ ವಿದ್ಯಾರ್ಥಿಗಳ ಗುಂಪು ಕಾರ್ಯದಲ್ಲಿ ಸಹಪಾಠಿ ಮೌಲ್ಯಮಾಪನ: ವಿದ್ಯಾರ್ಥಿಗಳು ಹಾಗೂ ಪೋಷಕರ ಮಾಹಿತಿಗಾಗಿ

ಈ ಮಾಹಿತಿ ಯಾರಿಗೆ

ವಿಶ್ವವಿದ್ಯಾನಿಲಯಗಳ ಬಿ.ಕಾಂ., ಬಿ.ಬಿ.ಎ., ಎಂ.ಕಾಂ. ಹಾಗೂ ಎಂ.ಬಿ.ಎ. ತರಗತಿಗಳಲ್ಲಿ ವಿದ್ಯಾರ್ಥಿಗಳನ್ನು ನಾಲ್ಕೈದು ಮಂದಿಯ ಗುಂಪುಗಳನ್ನಾಗಿ ವಿಂಗಡಿಸಿ ಕ್ಷೇತ್ರಕಾರ್ಯ, ಯೋಜನಾ ವರದಿ ಹಾಗೂ ವಿಚಾರ ಮಂಡನೆಗಳನ್ನು ನೀಡುವ ಪದ್ಧತಿ ರೂಢಿಯಲ್ಲಿರುತ್ತದೆ. ಸದರಿ ಕಾರ್ಯಕ್ಕೆ ದೊರೆಯುವ ಅಂಕಗಳು ಆಂತರಿಕ ಮೌಲ್ಯಮಾಪನದ ಭಾಗವಾಗಿ ಅಂಕಪಟ್ಟಿಯಲ್ಲಿ ಸೇರ್ಪಡೆಯಾಗುತ್ತವೆ. ಕೆಲವು ಅಧ್ಯಾಪಕರು ಗುಂಪಿನ ಎಲ್ಲ ಸದಸ್ಯರಿಗೂ ಒಂದೇ ಅಂಕ ನೀಡುತ್ತಾರೆ. ಮತ್ತೆ ಕೆಲವರು ಗುಂಪಿನ ಸದಸ್ಯರೇ ಪರಸ್ಪರರ ದುಡಿಮೆಯನ್ನು ಅಳೆದು ನೀಡುವ ಅಭಿಪ್ರಾಯವನ್ನು ಪಡೆದು, ಅದರ ಆಧಾರದ ಮೇಲೆ ಅಂಕಗಳಲ್ಲಿ ವ್ಯತ್ಯಾಸ ಮಾಡುತ್ತಾರೆ. ಕಾಲೇಜುಗಳಲ್ಲಿ ಪೀರ್ ಅಸೆಸ್‌ಮೆಂಟ್ ಎಂದೇ ಕರೆಯಲ್ಪಡುವ ಈ ಎರಡನೆಯ ಪದ್ಧತಿಯನ್ನು ಇಲ್ಲಿ ಸಹಪಾಠಿ ಮೌಲ್ಯಮಾಪನ ಎಂದು ಕರೆಯಲಾಗಿದೆ.

ಅಂಕ ಕಡಿಮೆ ಬಂದಿದೆಯೆಂದು, ಅಥವಾ ದುಡಿಯದವನಿಗೂ ದುಡಿದವಳಿಗೂ ಸಮಾನ ಅಂಕ ಬಂದಿದೆಯೆಂದು ಅರ್ಜಿ ಸಲ್ಲಿಸಲಿಚ್ಛಿಸುವವರು ಮೊದಲು ಈ ಪದ್ಧತಿಯ ಸ್ವರೂಪವನ್ನು ತಿಳಿದುಕೊಳ್ಳುವುದು ಅವಶ್ಯಕ. ಯಾವ ಹಂತದಲ್ಲಿ, ಯಾರಿಗೆ, ಏನನ್ನು ಕೋರಬೇಕೆಂಬುದು ತಿಳಿಯದೆ ಸಲ್ಲಿಸಿದ ಅರ್ಜಿಗಳು ಮೇಜಿನಿಂದ ಮೇಜಿಗೆ ಸಾಗಿ, ಅಷ್ಟರಲ್ಲಿ ಫಲಿತಾಂಶ ಪ್ರಕಟವಾಗಿಬಿಡುವುದುಂಟು.

ಸಮಸ್ಯೆಯ ಸ್ವರೂಪ

ದಾವಣಗೆರೆಯ ಮಂಡಿಪೇಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನಗರದ ಹಳೆಯ ವ್ಯಾಪಾರ ಕೇಂದ್ರವಾದ ಈ ಪೇಟೆಯು ವಾಣಿಜ್ಯ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಹೇಳಿ ಮಾಡಿಸಿದ ಸ್ಥಳ. ನಾಲ್ವರ ಒಂದು ಗುಂಪಿಗೆ "ಸಗಟು ಅಂಗಡಿಗಳಲ್ಲಿ ಉದ್ರಿ ವ್ಯವಹಾರ ಮತ್ತು ವಸೂಲಾತಿ" ಎಂಬ ವಿಷಯವನ್ನು ನೀಡಲಾಗಿದೆ ಎಂದು ಭಾವಿಸೋಣ. ಗಿರಾಕಿಗಳ ದಟ್ಟಣೆಯಿರುವಾಗ ಅಂಗಡಿಯ ಮಾಲೀಕರಾಗಲಿ ಗುಮಾಸ್ತರಾಗಲಿ ಮಾತನಾಡುವುದಿಲ್ಲ. ಬಿಡುವಿನ ವೇಳೆ ನೋಡಿಕೊಂಡು ಹೋಗಬೇಕು. ಮೊದಲ ದಿನ "ನಾಳೆ ಬಾ" ಎನ್ನುತ್ತಾರೆ, ಮರುದಿನ ಮಾಲೀಕರು ಊರಲ್ಲಿರುವುದಿಲ್ಲ. ಉದ್ರಿ ಎಷ್ಟಿದೆ ಎಂದು ಅಪರಿಚಿತರಿಗೆ ಯಾರೂ ಸುಲಭವಾಗಿ ಹೇಳುವುದೂ ಇಲ್ಲ. ಹೀಗೆ ನಾಲ್ಕೈದು ಬಾರಿ ಅಲೆದು ಮಾಹಿತಿ ತಂದವರು ಒಬ್ಬರು. ಅದನ್ನು ಕಂಪ್ಯೂಟರಿನಲ್ಲಿ ಕೋಷ್ಟಕವಾಗಿ ಜೋಡಿಸಿದವರು ಮತ್ತೊಬ್ಬರು. ವರದಿ ಬರೆದವರು ಮೂರನೆಯವರು. ಮಂಡನೆಯ ದಿನ ಎದ್ದು ನಿಂತು ನಿರರ್ಗಳವಾಗಿ ಮಾತನಾಡಿದವರು ನಾಲ್ಕನೆಯವರು. ಅಧ್ಯಾಪಕರ ಕಣ್ಣಿಗೆ ಬಿದ್ದದ್ದು ಕೊನೆಯ ಹದಿನೈದು ನಿಮಿಷ ಮಾತ್ರ. ಪೇಟೆಯಲ್ಲಿ ಅಲೆದ ಸಂಗತಿ ಗೊತ್ತಿರುವುದು ಉಳಿದ ಮೂವರಿಗೆ.

ಸಹಪಾಠಿ ಮೌಲ್ಯಮಾಪನದ ಮೂಲ ಆಧಾರ ಇದೇ ಆಗಿದೆ. ವರದಿಯ ಗುಣಮಟ್ಟವನ್ನು ಅಳೆಯಲು ಅಧ್ಯಾಪಕರು ಸಮರ್ಥರು. ಆದರೆ ಅದು ಸಿದ್ಧವಾದ ಬಗೆಯನ್ನು ಬಲ್ಲವರು ಗುಂಪಿನ ಸದಸ್ಯರು.

ಗುಂಪಿನಲ್ಲಿ ಸೇರಿದಾಗ ವ್ಯಕ್ತಿಯ ದುಡಿಮೆ ಇಳಿಯುತ್ತದೆಂಬುದು ಹೊಸ ದೂರೇನಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಅವರು ಹಗ್ಗ ಎಳೆಯುವ ಪ್ರಯೋಗಗಳಲ್ಲಿ, ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಪ್ರತಿಯೊಬ್ಬರ ಪಾಲಿನ ಬಲ ಕುಗ್ಗುವುದನ್ನು ಗಮನಿಸಿ 1913ರಲ್ಲಿ ಪ್ರಕಟಿಸಿದರು. 1979ರಲ್ಲಿ ಅಮೆರಿಕದ ಲಟಾನೆ, ವಿಲಿಯಮ್ಸ್ ಮತ್ತು ಹಾರ್ಕಿನ್ಸ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನಡೆಸಿದ ಪ್ರಯೋಗಗಳಲ್ಲಿಯೂ ಇದೇ ಪ್ರವೃತ್ತಿ ಕಂಡುಬಂದಿತು. ತನ್ನ ಪಾಲಿನ ದುಡಿಮೆ ಪ್ರತ್ಯೇಕವಾಗಿ ಗುರುತಿಸಲ್ಪಡುವುದಿಲ್ಲ ಎಂಬ ತಿಳಿವಳಿಕೆಯು ಇದಕ್ಕೆ ಒಂದು ಪ್ರಮುಖ ಕಾರಣ.

ಪಾಲುದಾರಿಕೆಯ ಹೋಲಿಕೆ

ವಾಣಿಜ್ಯ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಅವರದೇ ಪಠ್ಯದಿಂದ ವಿವರಿಸುವುದು ಸುಲಭ. ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ 13ನೇ ಪ್ರಕರಣದ ಪ್ರಕಾರ, ಪಾಲುದಾರರ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ ಲಾಭವು ಸಮನಾಗಿ ಹಂಚಿಕೆಯಾಗತಕ್ಕದ್ದು. ವ್ಯವಹಾರ ನಡೆಸುವಲ್ಲಿ ಹೆಚ್ಚು ಶ್ರಮಿಸಿದ ಪಾಲುದಾರನು ಅದಕ್ಕಾಗಿ ಪ್ರತ್ಯೇಕ ಸಂಭಾವನೆ ಕೇಳುವಂತಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದ ಮೇಲೆ ಕುಳಿತವನಿಗೂ, ವರ್ಷಕ್ಕೊಮ್ಮೆ ಲೆಕ್ಕ ನೋಡಲು ಬಂದವನಿಗೂ ಪಾಲು ಒಂದೇ. ಅನುಭವಸ್ಥ ವರ್ತಕರು ಇದನ್ನು ತಿಳಿದೇ ಅಂಗಡಿ ತೆರೆಯುವ ಮುನ್ನ ಪಾಲುಪತ್ರ ಬರೆಸಿಕೊಳ್ಳುತ್ತಾರೆ.

ಗುಂಪು ಕಾರ್ಯದಲ್ಲಿ ಎಲ್ಲರಿಗೂ ಒಂದೇ ಅಂಕ ನೀಡುವುದು ಪಾಲುಪತ್ರವಿಲ್ಲದ ಪಾಲುದಾರಿಕೆಯಂತೆ. ಸಹಪಾಠಿ ಮೌಲ್ಯಮಾಪನದ ನಿಯಮಗಳನ್ನು ಕಾರ್ಯಾರಂಭಕ್ಕೆ ಮೊದಲೇ ಲಿಖಿತವಾಗಿ ತಿಳಿಸುವುದು ಪಾಲುಪತ್ರಕ್ಕೆ ಸಮಾನ. ವರದಿ ಸಲ್ಲಿಕೆಯಾದ ನಂತರ, ಜಗಳ ಎದ್ದ ಮೇಲೆ ನಮೂನೆಗಳನ್ನು ಹಂಚಿ ಭರ್ತಿ ಮಾಡಿಸುವುದು ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ. ವಿದ್ಯಾರ್ಥಿಗಳು ಮೊದಲ ವಾರದಲ್ಲಿಯೇ ಕೇಳಿ ತಿಳಿಯಬೇಕಾದ ಪ್ರಶ್ನೆ ಒಂದೇ: ಈ ಕಾರ್ಯದಲ್ಲಿ ಅಂಕ ಹಂಚಿಕೆ ಹೇಗೆ?

ಲೆಕ್ಕ ಮಾಡುವ ವಿಧಾನ

ಜಗತ್ತಿನ ವಿವಿಧೆಡೆ ಹಲವು ವಿಧಾನಗಳು ಬಳಕೆಯಲ್ಲಿವೆ. ಗೋಲ್ಡ್‌ಫಿಂಚ್ ಮತ್ತು ರೇಸೈಡ್ ಎಂಬ ಅಧ್ಯಾಪಕರು 1990ರಲ್ಲಿ ಪ್ರಕಟಿಸಿದ ವಿಧಾನವು, ಗುಂಪಿನ ಅಂಕದಿಂದ ಪ್ರತಿ ಸದಸ್ಯರ ಅಂಕವನ್ನು ಸಹಪಾಠಿಗಳ ಅಭಿಪ್ರಾಯದ ಮೂಲಕ ಪಡೆಯುವ ಆರಂಭಿಕ ಪ್ರಯತ್ನಗಳಲ್ಲಿ ಒಂದು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ವೆಬ್‌ಪಿಎ ಹಾಗೂ ಅಮೆರಿಕದಲ್ಲಿ ಬಳಕೆಯಲ್ಲಿರುವ ಕ್ಯಾಟ್‌ಮಿ ಎಂಬ ತಂತ್ರಾಂಶಗಳು ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡುತ್ತವೆ. ಆದರೆ ಇದಕ್ಕೆ ತಂತ್ರಾಂಶವೇ ಬೇಕೆಂದಿಲ್ಲ. ಒಂದು ಹಾಳೆ ಮತ್ತು ಕ್ಯಾಲ್‌ಕ್ಯುಲೇಟರ್ ಸಾಕು.

ಮೇಲ್ಕಂಡ ನಾಲ್ವರ ಗುಂಪಿನ ಸದಸ್ಯರನ್ನು ಅ, ಆ, ಇ, ಈ ಎಂದು ಗುರುತಿಸೋಣ. ವರದಿಗೆ ಅಧ್ಯಾಪಕರು 20ಕ್ಕೆ 15 ಅಂಕ ನೀಡಿದ್ದಾರೆ. ಪ್ರತಿಯೊಬ್ಬ ಸದಸ್ಯನಿಗೂ 30 ಬಿಂದುಗಳಿದ್ದು, ಅವುಗಳನ್ನು ತನ್ನನ್ನು ಹೊರತುಪಡಿಸಿ ಉಳಿದ ಮೂವರಿಗೆ ಅವರವರ ದುಡಿಮೆಗೆ ತಕ್ಕಂತೆ ಹಂಚಬೇಕು. ಎಲ್ಲರೂ ಸಮನಾಗಿ ದುಡಿದಿದ್ದರೆ ತಲಾ 10.

ಅ ಎಂಬವನು ಆ, ಇ, ಈ ಅವರಿಗೆ ಕ್ರಮವಾಗಿ 11, 13, 6 ನೀಡುತ್ತಾನೆ.
ಆ ಎಂಬವಳು ಅ, ಇ, ಈ ಅವರಿಗೆ 10, 12, 8 ನೀಡುತ್ತಾಳೆ.
ಇ ಎಂಬವಳು ಅ, ಆ, ಈ ಅವರಿಗೆ 11, 11, 8 ನೀಡುತ್ತಾಳೆ.
ಈ ಎಂಬವನು ಮೂವರಿಗೂ ತಲಾ 10 ನೀಡುತ್ತಾನೆ.

ಆಗ ಪ್ರತಿಯೊಬ್ಬರೂ ಪಡೆದ ಒಟ್ಟು ಬಿಂದುಗಳು: ಅ 31, ಆ 32, ಇ 35, ಈ 22. ಸಮಪಾಲಿನ ಬಿಂದು 30 ಆದ್ದರಿಂದ, ಪಡೆದ ಬಿಂದುಗಳನ್ನು 30ರಿಂದ ಭಾಗಿಸಿ ಗುಂಪಿನ ಅಂಕವಾದ 15ರಿಂದ ಗುಣಿಸಿದರೆ, ಅ 15.5, ಆ 16, ಇ 17.5 ಹಾಗೂ ಈ 11 ಅಂಕ ಪಡೆಯುತ್ತಾರೆ. ನಾಲ್ವರ ಒಟ್ಟು ಅಂಕ 60. ಎಲ್ಲರಿಗೂ 15 ನೀಡಿದ್ದರೂ ಒಟ್ಟು 60. ಅಂದರೆ ಒಬ್ಬರಿಗೆ ಹೆಚ್ಚಾದದ್ದು ಮತ್ತೊಬ್ಬರಿಂದ ಕಡಿಮೆಯಾದದ್ದೇ ಹೊರತು ಹೊಸದಾಗಿ ಸೃಷ್ಟಿಯಾದದ್ದಲ್ಲ. ಖಾತೆಯ ಎರಡೂ ಬದಿ ತಾಳೆಯಾಗುವುದರಿಂದ ಈ ಲೆಕ್ಕದ ಸರಿತಪ್ಪನ್ನು ಯಾವ ವಿದ್ಯಾರ್ಥಿಯಾದರೂ ಪರಿಶೀಲಿಸಬಹುದು.

ಈ ವ್ಯತ್ಯಾಸ ಅತಿಯಾಯಿತೆಂದು ಭಾವಿಸುವ ಅಧ್ಯಾಪಕರು ಅಂಕದ ಅರ್ಧ ಭಾಗವನ್ನು ಎಲ್ಲರಿಗೂ ಸಮನಾಗಿ ನೀಡಿ, ಉಳಿದರ್ಧಕ್ಕೆ ಮಾತ್ರ ಈ ಲೆಕ್ಕವನ್ನು ಅನ್ವಯಿಸುತ್ತಾರೆ. ಆಗ ಅಂಕಗಳು ಕ್ರಮವಾಗಿ 15.25, 15.5, 16.25 ಮತ್ತು 13 ಆಗುತ್ತವೆ. ಮೊದಲ ಬಾರಿಗೆ ಈ ಪದ್ಧತಿಯನ್ನು ಅಳವಡಿಸುವ ತರಗತಿಗಳಿಗೆ ಈ ಮಧ್ಯಮ ಮಾರ್ಗವೇ ಲೇಸು. ಒಬ್ಬ ಸಹಪಾಠಿಯ ಮುನಿಸಿನಿಂದ ಒಬ್ಬ ವಿದ್ಯಾರ್ಥಿಯು ಅನುತ್ತೀರ್ಣನಾಗುವ ಸಂಭವ ಇದರಲ್ಲಿ ಕಡಿಮೆ.

ಮೇಲಿನ ಲೆಕ್ಕದಲ್ಲಿ ಸೂಕ್ಷ್ಮವಾದ ಒಂದು ಅಂಶವಿದೆ. ಹೆಚ್ಚು ದುಡಿದ ಇ ಎಂಬವಳ 30 ಬಿಂದುಗಳೂ ಇತರರಿಗೇ ಸಂದವು; ಅವಳು ತನಗೆ ತಾನು ಏನನ್ನೂ ಕೊಟ್ಟುಕೊಳ್ಳುವಂತಿಲ್ಲ. ಹಾಗೆಯೇ ಕಡಿಮೆ ದುಡಿದ ಈ ಎಂಬವನು ತನ್ನ ಎಲ್ಲ ಬಿಂದುಗಳನ್ನು ಇತರರಿಗೆ ಕೊಡಬೇಕಾಯಿತಾದರೂ, ಮೂವರಿಗೂ ಸಮನಾಗಿ ನೀಡಿ ಅವಳ ಹೆಚ್ಚಿನ ದುಡಿಮೆಯನ್ನು ಮರೆಮಾಚಿದನು. ಆದಕಾರಣ ಈ ವಿಧಾನವು ನೈಜ ವ್ಯತ್ಯಾಸವನ್ನು ತುಸು ತಗ್ಗಿಸಿಯೇ ತೋರಿಸುತ್ತದೆ. ತನಗೂ ಬಿಂದು ಕೊಟ್ಟುಕೊಳ್ಳಲು ಅವಕಾಶ ನೀಡುವ ವಿಧಾನಗಳೂ ಇವೆ; ಅಲ್ಲಿ ಸಂಕೋಚ ಸ್ವಭಾವದವರು ನಷ್ಟ ಅನುಭವಿಸುವುದು ಸಾಮಾನ್ಯ.

ಸಹಪಾಠಿಗಳ ಅಳತೆ ಎಷ್ಟು ನಂಬಲರ್ಹ

ಪೋಷಕರು ಪದೇಪದೇ ಎತ್ತುವ ಆಕ್ಷೇಪಣೆ ಎಂದರೆ, ಮಕ್ಕಳು ಮಕ್ಕಳಿಗೆ ಅಂಕ ಹಾಕುವುದು ಎಷ್ಟರಮಟ್ಟಿಗೆ ಸರಿ ಎಂಬುದು. ಫಾಲ್ಚಿಕೋವ್ ಮತ್ತು ಗೋಲ್ಡ್‌ಫಿಂಚ್ ಅವರು 2000ರಲ್ಲಿ 48 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಸಹಪಾಠಿಗಳು ನೀಡಿದ ಅಂಕಗಳಿಗೂ ಅಧ್ಯಾಪಕರು ನೀಡಿದ ಅಂಕಗಳಿಗೂ ಸರಾಸರಿ 0.69ರಷ್ಟು ಸಹಸಂಬಂಧ ಕಂಡುಬಂದಿತು. ಸಂಖ್ಯಾಶಾಸ್ತ್ರ ಓದಿದವರಿಗೆ ಇದು ಗಣನೀಯ ಎನಿಸುವ ಪ್ರಮಾಣ. ಮಾನದಂಡಗಳು ವಿದ್ಯಾರ್ಥಿಗಳಿಗೆ ಚೆನ್ನಾಗಿ ಅರ್ಥವಾಗಿದ್ದಾಗ ಹೊಂದಾಣಿಕೆ ಹೆಚ್ಚೆಂದೂ, ಒಂದೊಂದು ಅಂಶಕ್ಕೂ ಬಿಡಿಬಿಡಿಯಾಗಿ ಅಂಕ ಹಾಕಿಸುವುದಕ್ಕಿಂತ ಸ್ಪಷ್ಟ ಮಾನದಂಡಗಳನ್ನು ಮುಂದಿಟ್ಟು ಒಟ್ಟಾರೆ ತೀರ್ಮಾನ ಪಡೆಯುವುದು ಉತ್ತಮವೆಂದೂ ಸದರಿ ಅಧ್ಯಯನವು ಕಂಡುಕೊಂಡಿತು. ಆದರೆ ಅಲ್ಲಿ ಹೋಲಿಸಿದ್ದು ಅಧ್ಯಾಪಕರೂ ನೋಡಿ ಅಂಕ ನೀಡಬಹುದಾದ ಕೆಲಸವನ್ನು. ಗುಂಪಿನೊಳಗಿನ ದುಡಿಮೆಯನ್ನು ಅಧ್ಯಾಪಕರು ನೋಡಿಯೇ ಇರುವುದಿಲ್ಲವಾದ್ದರಿಂದ, ಆ ಸಂಖ್ಯೆಯನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು.

ತರಗತಿಯಲ್ಲಿ ಕಾಣುವ ದೋಷಗಳು ಬೇರೆಯವೇ. ಸ್ನೇಹಿತರು ಒಪ್ಪಂದ ಮಾಡಿಕೊಂಡು ಎಲ್ಲರಿಗೂ 10 ಬರೆದುಬಿಡುವುದು ಅತ್ಯಂತ ಸಾಮಾನ್ಯ. ಇದರಿಂದ ಯಾರಿಗೂ ಅಪಾಯವಿಲ್ಲವೆಂದು ತೋರಿದರೂ ದುಡಿದವರಿಗೆ ಅನ್ಯಾಯವಾಗುತ್ತದೆ. ಮೂವರು ಒಂದಾಗಿ ನಾಲ್ಕನೆಯವರನ್ನು ಹೊರಗಿಡುವುದು ಇದಕ್ಕಿಂತ ಗಂಭೀರವಾದ ದೋಷ. ಇಂತಹ ಸಂದರ್ಭದಲ್ಲಿ ಲೆಕ್ಕವು ಪೂರ್ಣವಾಗಿ ತಾಳೆಯಾಗಿರುತ್ತದೆ, ಆದರೆ ತೀರ್ಮಾನ ತಪ್ಪಾಗಿರುತ್ತದೆ.

ಸ್ಥಳೀಯ ಪರಿಸ್ಥಿತಿಯಿಂದ ಉದ್ಭವಿಸುವ ತೊಂದರೆಗಳನ್ನೂ ಇಲ್ಲಿ ಪ್ರಸ್ತಾಪಿಸಬೇಕಾಗುತ್ತದೆ. ಹರಿಹರದಿಂದ ಹಾಗೂ ಸುತ್ತಲಿನ ಹಳ್ಳಿಗಳಿಂದ ಬಸ್ಸು, ರೈಲುಗಳಲ್ಲಿ ದಾವಣಗೆರೆಗೆ ಬಂದು ಹೋಗುವ ವಿದ್ಯಾರ್ಥಿನಿಯರು ಸಂಜೆ ತರಗತಿ ಮುಗಿದ ಮೇಲೆ ಗುಂಪಿನ ಸಭೆಗೆ ಉಳಿಯಲಾರರು. ಮಧ್ಯಾಹ್ನದ ನಂತರ ಅಂಗಡಿಯಲ್ಲಿ ಲೆಕ್ಕ ಬರೆದು ತನ್ನ ಶುಲ್ಕವನ್ನು ತಾನೇ ಹೊಂದಿಸಿಕೊಳ್ಳುವ ವಿದ್ಯಾರ್ಥಿಯ ಪಾಡೂ ಅದೇ. "ಸಭೆಗೆ ಬರಲಿಲ್ಲ" ಎಂಬ ಒಂದೇ ಕಾರಣಕ್ಕೆ ಇವರಿಗೆ ಕಡಿಮೆ ಬಿಂದು ಬೀಳುವುದುಂಟು. ರಾತ್ರಿ ಮನೆಯಲ್ಲಿ ಕುಳಿತು ಕೋಷ್ಟಕ ಸಿದ್ಧಪಡಿಸಿದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಹಾಜರಾತಿ ಬೇರೆ, ದುಡಿಮೆ ಬೇರೆ ಎಂಬುದನ್ನು ನಮೂನೆಯಲ್ಲಿಯೇ ಸ್ಪಷ್ಟಪಡಿಸುವುದು ಅಧ್ಯಾಪಕರ ಹೊಣೆ. ಅಂಗವೈಕಲ್ಯವುಳ್ಳ ವಿದ್ಯಾರ್ಥಿಗೆ ಅಂಗಡಿ ಅಂಗಡಿ ಸುತ್ತುವ ಕೆಲಸ ಹಚ್ಚಿ, ಆಮೇಲೆ ಮಾಡಲಿಲ್ಲವೆಂದು ಬಿಂದು ಕಡಿತಗೊಳಿಸುವುದು ಸರ್ವಥಾ ಸಲ್ಲದು.

ಇವುಗಳಿಗೆ ಪರಿಹಾರವೆಂದರೆ ಕೆಲಸದ ದಿನಚರಿ. ಯಾವ ದಿನಾಂಕದಂದು ಯಾರು ಏನು ಮಾಡಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ವಾರಕ್ಕೊಮ್ಮೆ ನಾಲ್ವರೂ ಸಹಿ ಮಾಡಿದರೆ, ಮುಂದೆ ವಿವಾದ ಉಂಟಾದಾಗ ಅದೇ ಸಾಕ್ಷ್ಯ. ವಾಟ್ಸ್‌ಆ್ಯಪ್ ಗುಂಪಿನ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳುವುದೂ ಉಪಯುಕ್ತ. ರೋಜು ಕೀರ್ದಿ ಬರೆಯದೆ ವರ್ಷಾಂತ್ಯದಲ್ಲಿ ಲಾಭನಷ್ಟದ ಪಟ್ಟಿ ತಯಾರಿಸಲು ಕುಳಿತ ಅಂಗಡಿಕಾರನ ಸ್ಥಿತಿ ಹೇಗಿರುತ್ತದೆಂಬುದು ವಾಣಿಜ್ಯ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ಅಂಕ ನೀಡುವ ಅಧಿಕಾರ ಯಾರದು

ಸಹಪಾಠಿ ಮೌಲ್ಯಮಾಪನವನ್ನು ಅಳವಡಿಸಿಕೊಂಡ ಮಾತ್ರಕ್ಕೆ ಅಂಕ ನೀಡುವ ಜವಾಬ್ದಾರಿ ವಿದ್ಯಾರ್ಥಿಗಳಿಗೆ ವರ್ಗಾವಣೆಯಾಗುವುದಿಲ್ಲ. ಸಹಪಾಠಿಗಳ ಬಿಂದುಗಳು ಅಧ್ಯಾಪಕರ ಮುಂದಿರುವ ಒಂದು ಸಾಕ್ಷ್ಯ ಮಾತ್ರ. ಅದನ್ನು ಪರಿಶೀಲಿಸಿ, ಅಸಹಜವೆಂದು ಕಂಡುಬಂದಲ್ಲಿ ಸಂಬಂಧಿಸಿದವರನ್ನು ವಿಚಾರಿಸಿ, ಅಂತಿಮ ಅಂಕವನ್ನು ನಿರ್ಧರಿಸಬೇಕಾದವರು ಅಧ್ಯಾಪಕರೇ. "ನಿಮ್ಮ ಗೆಳೆಯರೇ ಕಡಿಮೆ ಕೊಟ್ಟಿದ್ದಾರೆ, ನಾವೇನು ಮಾಡಲಿಕ್ಕಾಗುತ್ತದೆ" ಎಂಬ ಉತ್ತರವನ್ನು ವಿದ್ಯಾರ್ಥಿಯು ಅಂತಿಮವೆಂದು ಒಪ್ಪಬೇಕಾಗಿಲ್ಲ.

ಕರ್ನಾಟಕದ ರಾಜ್ಯ ವಿಶ್ವವಿದ್ಯಾನಿಲಯಗಳು ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ, 2000ರ ಅನ್ವಯ ಕಾರ್ಯನಿರ್ವಹಿಸುತ್ತವೆ. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭಗೊಂಡು, 1987ರಿಂದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕೇಂದ್ರವು 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ತೋಳಹುಣಸೆಯ ಶಿವಗಂಗೋತ್ರಿ ಆವರಣ ಇದರ ಕೇಂದ್ರಸ್ಥಾನ. ದಾವಣಗೆರೆ ಮತ್ತು ಹರಿಹರದ ಪದವಿ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಕೋರ್ಸಿನ ವಿನಿಯಮ ಹಾಗೂ ಪಠ್ಯಕ್ರಮವನ್ನು ವಿಶ್ವವಿದ್ಯಾನಿಲಯದಿಂದ ಪಡೆದು, ಆಂತರಿಕ ಅಂಕಗಳು ಎಷ್ಟು, ಅವುಗಳಲ್ಲಿ ಗುಂಪು ಕಾರ್ಯದ ಪಾಲು ಎಷ್ಟು ಎಂಬುದನ್ನು ನೋಡಿಕೊಳ್ಳತಕ್ಕದ್ದು. ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಗೆ ಬಂದು, 2024-25ರಿಂದ ಮೂರು ವರ್ಷಗಳ ಪದವಿ ಪದ್ಧತಿಯನ್ನು ಪುನಃ ಅಳವಡಿಸಲಾಗಿರುವುದರಿಂದ, ಅಣ್ಣನ ಕಾಲದ ಅಂಕ ವಿಂಗಡಣೆ ತಮ್ಮನಿಗೆ ಅನ್ವಯಿಸದಿರಬಹುದು. ಯಾವ ವರ್ಷ ಪ್ರವೇಶ ಪಡೆದಿದ್ದೀರೋ ಆ ವರ್ಷದ ವಿನಿಯಮವನ್ನೇ ನೋಡಬೇಕು.

ದೂರು ಸಲ್ಲಿಸುವ ಕ್ರಮ

ಆಂತರಿಕ ಅಂಕಗಳ ವಿಷಯದಲ್ಲಿ ಕಾಲವೇ ಮುಖ್ಯ. ಅಂಕಗಳನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿದ ದಿನದಿಂದ ಅವು ಯುಯುಸಿಎಂಎಸ್ ಜಾಲತಾಣದಲ್ಲಿ ದಾಖಲಾಗುವ ದಿನದವರೆಗಿನ ಅವಧಿಯು ವಿದ್ಯಾರ್ಥಿಯ ಪಾಲಿಗೆ ಅಮೂಲ್ಯವಾದುದು. ಈ ಅವಧಿಯಲ್ಲಿ ಅಧ್ಯಾಪಕರ ಹಂತದಲ್ಲಿಯೇ ತಿದ್ದುಪಡಿ ಸಾಧ್ಯ. ಅಂಕಗಳು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಕೆಯಾದ ನಂತರ ಪತ್ರವ್ಯವಹಾರ ಅನಿವಾರ್ಯವಾಗುತ್ತದೆ.

ಮೊದಲಿಗೆ ಅಧ್ಯಾಪಕರಿಗೆ, ಅನಂತರ ವಿಭಾಗದ ಮುಖ್ಯಸ್ಥರು ಅಥವಾ ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಬಾಯಿಮಾತಿನ ಮನವಿಗೆ ದಾಖಲೆ ಇರುವುದಿಲ್ಲ. ಮನವಿಯು ದೀರ್ಘವಾಗಿರಬೇಕಾಗಿಲ್ಲ, ಕೆಳಕಂಡಂತೆ ಇದ್ದರೆ ಸಾಕು:

"ಮಾನ್ಯ ಪ್ರಾಂಶುಪಾಲರಲ್ಲಿ ವಿನಂತಿ. ನಾನು ಬಿ.ಕಾಂ. ಮೂರನೇ ಸೆಮಿಸ್ಟರಿನ ವಿದ್ಯಾರ್ಥಿನಿಯಾಗಿದ್ದು, ಗುಂಪು ಯೋಜನಾ ಕಾರ್ಯದಲ್ಲಿ ನನಗೆ 11 ಅಂಕ ಹಾಗೂ ಉಳಿದ ಸದಸ್ಯರಿಗೆ 16 ಅಂಕ ನೀಡಲಾಗಿದೆ. ಅಂಕ ಹಂಚಿಕೆಯ ಮಾನದಂಡವನ್ನು ಕಾರ್ಯಾರಂಭದಲ್ಲಿ ತಿಳಿಸಿರುವುದಿಲ್ಲ. ನಾನು ಕೈಗೊಂಡ ಕೆಲಸದ ದಿನಚರಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಸದರಿ ಅಂಕಗಳನ್ನು ಮರುಪರಿಶೀಲಿಸಿ, ಲೆಕ್ಕ ಮಾಡಿದ ವಿಧಾನವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಇಲ್ಲಿ ಗಮನಿಸಬೇಕಾದುದೇನೆಂದರೆ, ಮನವಿಯು ಸಹಪಾಠಿಗಳನ್ನು ದೂರುವುದಿಲ್ಲ, ಪ್ರಕ್ರಿಯೆಯನ್ನು ಪ್ರಶ್ನಿಸುತ್ತದೆ. ಗೆಳೆಯರ ಹೆಸರು ಹಿಡಿದು ಆರೋಪಿಸಿದ ಅರ್ಜಿಗಳು ಪ್ರತ್ಯಾರೋಪಕ್ಕೆ ದಾರಿ ಮಾಡಿಕೊಡುತ್ತವೆ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ಮಾತು ಬಿಡುವ ಹಂತಕ್ಕೆ ಬರುತ್ತಾರೆ.

ಕಾಲೇಜಿನ ಹಂತದಲ್ಲಿ ಪರಿಹಾರ ದೊರೆಯದಿದ್ದಲ್ಲಿ, ವಿಶ್ವವಿದ್ಯಾನಿಲಯ ಅನುದಾನ ಆಯೋಗದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ವಿನಿಯಮಗಳು, 2023ರ ಅನ್ವಯ ರಚಿತವಾದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಸಲ್ಲಿಸಬಹುದು. ವಿದ್ಯಾರ್ಥಿಗಳ ಮೌಲ್ಯಮಾಪನದಲ್ಲಿ ಸಂಸ್ಥೆಯು ಅನುಸರಿಸುವ ಪಾರದರ್ಶಕವಲ್ಲದ ಅಥವಾ ನ್ಯಾಯಸಮ್ಮತವಲ್ಲದ ಕ್ರಮಗಳು ಸದರಿ ವಿನಿಯಮಗಳಲ್ಲಿ ಕುಂದುಕೊರತೆಯ ವ್ಯಾಖ್ಯೆಯೊಳಗೆ ಬರುತ್ತವೆ. ಸಮಿತಿಯ ಅಧ್ಯಕ್ಷರು ಪ್ರಾಧ್ಯಾಪಕರಾಗಿರುತ್ತಾರೆ. ಸದಸ್ಯರಲ್ಲಿ ಅಥವಾ ಅಧ್ಯಕ್ಷ ಸ್ಥಾನದಲ್ಲಿ ಕನಿಷ್ಠ ಒಬ್ಬರು ಮಹಿಳೆ ಹಾಗೂ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಇತರೆ ಹಿಂದುಳಿದ ವರ್ಗಕ್ಕೆ ಸೇರಿದವರಿರಬೇಕು. ದೂರು ಸ್ವೀಕರಿಸಿದ 15 ಕೆಲಸದ ದಿನಗಳೊಳಗೆ ಸಮಿತಿಯು ತನ್ನ ವರದಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸಿ, ಅದರ ಪ್ರತಿಯನ್ನು ದೂರುದಾರರಿಗೆ ನೀಡತಕ್ಕದ್ದು.

ಸಮಿತಿಯ ತೀರ್ಮಾನದಿಂದ ಸಮಾಧಾನಗೊಳ್ಳದವರು, ತೀರ್ಮಾನ ತಲುಪಿದ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಲು ಅವರು ಪ್ರಯತ್ನಿಸತಕ್ಕದ್ದು. ಆದರೆ ಇಲ್ಲೊಂದು ಮಿತಿಯಿದೆ. ಉತ್ತರಪತ್ರಿಕೆಗಳ ಮರುಮೌಲ್ಯಮಾಪನ ಅಥವಾ ಅಂಕ ಮರುನಿಗದಿಯ ಕೋರಿಕೆಯನ್ನು, ಫಲಿತಾಂಶದ ಮೇಲೆ ಪರಿಣಾಮ ಬೀರುವ ನಿರ್ದಿಷ್ಟ ಅಕ್ರಮವನ್ನಾಗಲಿ ತಾರತಮ್ಯದ ನಿರ್ದಿಷ್ಟ ನಿದರ್ಶನವನ್ನಾಗಲಿ ತೋರಿಸಿದ ಹೊರತು ಒಂಬುಡ್ಸ್‌ಪರ್ಸನ್ ಪರಿಗಣಿಸುವುದಿಲ್ಲ. ಗುಂಪು ಕಾರ್ಯದ ದೂರನ್ನೂ ಇದೇ ಎಚ್ಚರಿಕೆಯಿಂದ ಬರೆಯುವುದು ಕ್ಷೇಮ. "ನನಗೆ ಇನ್ನೂ ನಾಲ್ಕು ಅಂಕ ಬರಬೇಕಿತ್ತು" ಎಂಬುದು ಸಾಲದು. "ಪೂರ್ವ ಸೂಚನೆಯಿಲ್ಲದೆ ನಮೂನೆ ಭರ್ತಿ ಮಾಡಿಸಲಾಗಿದೆ", "ಲೆಕ್ಕದಲ್ಲಿ ಕೂಡಿಸುವಾಗ ತಪ್ಪಾಗಿದೆ", "ಗುಂಪಿನಲ್ಲಿದ್ದ ಇಬ್ಬರು ವಿದ್ಯಾರ್ಥಿನಿಯರಿಗೆ ಮಾತ್ರ ಕಡಿತಗೊಳಿಸಲಾಗಿದೆ" ಎಂಬಂತಹ ಸಂಗತಿಗಳನ್ನು ಆಧಾರಸಹಿತ ನಮೂದಿಸಬೇಕು. ಸುಳ್ಳು ಅಥವಾ ಕ್ಷುಲ್ಲಕ ದೂರೆಂದು ಕಂಡುಬಂದಲ್ಲಿ ದೂರುದಾರರ ವಿರುದ್ಧವೇ ಕ್ರಮಕ್ಕೆ ಶಿಫಾರಸು ಮಾಡಲು ಅವಕಾಶವಿರುವುದನ್ನೂ ನೆನಪಿನಲ್ಲಿಡತಕ್ಕದ್ದು.

ಸಹಪಾಠಿಗಳು ನಮೂನೆಯಲ್ಲಿ ಬರೆದ ಷರಾಗಳು ಲೈಂಗಿಕವಾಗಿ ಅವಹೇಳನಕಾರಿಯಾಗಿದ್ದಲ್ಲಿ ಅದು ಅಂಕದ ವಿಷಯವಾಗಿ ಉಳಿಯುವುದಿಲ್ಲ; ಸಂಸ್ಥೆಯ ಆಂತರಿಕ ದೂರು ಸಮಿತಿಯ ಮುಂದೆ ಪ್ರತ್ಯೇಕವಾಗಿ ದೂರು ನೀಡತಕ್ಕದ್ದು.

ಮಾಹಿತಿ ಹಕ್ಕು ಅರ್ಜಿ

ಅಂಕ ಹೇಗೆ ಬಂತೆಂಬುದನ್ನು ಕಾಲೇಜು ತಿಳಿಸದಿದ್ದಲ್ಲಿ, ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಿ.ಬಿ.ಎಸ್.ಇ. ವಿರುದ್ಧ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 9-8-2011ರಂದು ನೀಡಿದ ತೀರ್ಪಿನಲ್ಲಿ, ಮೌಲ್ಯಮಾಪನಗೊಂಡ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆಯೆಂದು ಎತ್ತಿಹಿಡಿಯಲಾಯಿತು. ಅದೇ ತೀರ್ಪು, ಮೌಲ್ಯಮಾಪಕರ ಗುರುತನ್ನು ಬಹಿರಂಗಪಡಿಸಬೇಕಾಗಿಲ್ಲವೆಂದೂ ಸ್ಪಷ್ಟಪಡಿಸಿತು. ಇದೇ ತತ್ವವನ್ನು ಗುಂಪು ಕಾರ್ಯಕ್ಕೆ ಅನ್ವಯಿಸಿ ನೋಡಿದರೆ, ತಾನು ಪಡೆದ ಒಟ್ಟು ಬಿಂದು, ಲೆಕ್ಕದ ಸೂತ್ರ ಹಾಗೂ ಅಂತಿಮ ಅಂಕವನ್ನು ವಿದ್ಯಾರ್ಥಿಯು ಕೇಳುವುದು ಸಮಂಜಸ. ಯಾರು ಎಷ್ಟು ಕೊಟ್ಟರೆಂಬುದನ್ನು ಕೇಳಿದರೆ ನಿರಾಕರಣೆಯನ್ನು ನಿರೀಕ್ಷಿಸಬೇಕು. ನಾಲ್ವರ ಗುಂಪಿನಲ್ಲಿ ಹೆಸರು ಅಳಿಸಿ ಪ್ರತಿ ಕೊಟ್ಟರೂ ಕೈಬರಹದಿಂದ ಗುರುತು ಹತ್ತುತ್ತದೆ. ಆದಕಾರಣ ಕಾಲೇಜುಗಳು ಬಿಡಿ ನಮೂನೆಗಳ ಬದಲು ಕ್ರೋಡೀಕೃತ ಪಟ್ಟಿಯನ್ನು ನೀಡುವುದೇ ಉಚಿತ.

ಅನುದಾನರಹಿತ ಖಾಸಗಿ ಕಾಲೇಜುಗಳಿಗೆ ಈ ಅಧಿನಿಯಮವು ನೇರವಾಗಿ ಅನ್ವಯಿಸದಿರಬಹುದು. ಅಂತಹ ಕಾಲೇಜಿನ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿದಲ್ಲಿ, ವಿಶ್ವವಿದ್ಯಾನಿಲಯವು ಕಾನೂನಿನಂತೆ ಕಾಲೇಜಿನಿಂದ ಪಡೆಯಬಹುದಾದ ಮಾಹಿತಿಯನ್ನು ತರಿಸಿಕೊಡಬೇಕಾಗುತ್ತದೆ. ಮತ್ತೊಂದು ಸಾರ್ವಜನಿಕ ಪ್ರಾಧಿಕಾರಕ್ಕೆ ಸೇರಿದ ಮಾಹಿತಿಯನ್ನು ಕೇಳಿದ್ದಲ್ಲಿ, ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸುವುದು ಅದನ್ನು ಸ್ವೀಕರಿಸಿದ ಕಚೇರಿಯ ಕರ್ತವ್ಯ.

ಕರ್ನಾಟಕದ ನಿಯಮಗಳಂತೆ ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರಬಾರದು. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿರುತ್ತದೆ. ಉತ್ತರ ಬಾರದಿದ್ದಲ್ಲಿ ಅಥವಾ ಅತೃಪ್ತಿಕರವಾಗಿದ್ದಲ್ಲಿ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿನ ಕುಟುಂಬದವರು ಅದರ ದಾಖಲೆಯ ಪ್ರತಿಯನ್ನು ಲಗತ್ತಿಸಿದಲ್ಲಿ ಶುಲ್ಕ ಪಾವತಿಸಬೇಕಾಗಿಲ್ಲ.

ಮೌಲ್ಯಮಾಪನದ ದಾಖಲೆಗಳನ್ನು ನಿಗದಿತ ಅವಧಿಯವರೆಗೆ ಮಾತ್ರ ಸಂರಕ್ಷಿಸಿ ಅನಂತರ ವಿಲೇವಾರಿ ಮಾಡಲಾಗುತ್ತದೆ. ವಿಲೇವಾರಿಯಾದ ನಮೂನೆಗಳ ಪ್ರತಿಯನ್ನು ಯಾವ ಪ್ರಾಧಿಕಾರವೂ ಒದಗಿಸಲಾರದು. ಆದ್ದರಿಂದ ಅರ್ಜಿದಾರರು ಅಂತಿಮ ಸೆಮಿಸ್ಟರಿನ ಅಂಕಪಟ್ಟಿಗಾಗಿ ಕಾಯದೆ, ಸಂಬಂಧಪಟ್ಟ ಸೆಮಿಸ್ಟರಿನ ಆಂತರಿಕ ಅಂಕಗಳು ಪ್ರಕಟವಾದ ಕೂಡಲೇ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ನೋಂದಣಿ ಸಂಖ್ಯೆ, ಸೆಮಿಸ್ಟರ್, ವಿಷಯದ ಹೆಸರು, ಗುಂಪಿನ ಸಂಖ್ಯೆ ಹಾಗೂ ಯೋಜನಾ ವರದಿ ಸಲ್ಲಿಸಿದ ದಿನಾಂಕವನ್ನು ತಪ್ಪದೆ ನಮೂದಿಸತಕ್ಕದ್ದು.